ತುಂಬಿಸಲಿಕ್ಕೆ ಬರ್ತದೆ, ಖಾಲಿ ಮಾಡ್ಲಿಕ್ಕೆ ಬರ್ತದಾ?

ನಮಸ್ಕಾರ. ನೀವು ಮಾಡಿದ ಯಾವುದಾದರೂ ವೆಬ್ ಫಾರ್ಮ್ ತೆರೆಯಿರಿ, ಜಿಲ್ಲೆ ಆರಿಸಿದರೆ ಅದರ ತಾಲೂಕಿನ ಪಟ್ಟಿ ತುಂಬುವಂಥದ್ದು. ಜಿಲ್ಲೆಯಲ್ಲಿ ದಕ್ಷಿಣ ಕನ್ನಡ ಒತ್ತಿ. ತಪ್ಪಿತು ಅಂತ ಕೂಡಲೇ ಉಡುಪಿಗೆ ಬದಲಾಯಿಸಿ. ಈಗ ತಾಲೂಕಿನ ಪಟ್ಟಿ ಬಿಡಿಸಿ ನೋಡಿ. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಕಾಣ್ತಾ ಉಂಟಾ? ಮೇಲೆ ಉಡುಪಿ, ಕೆಳಗೆ ಸುಳ್ಯ!

ಮಂಗಳೂರಿನ ಆಫೀಸಿನ ವೈಫೈಯಲ್ಲಿ ಇದು ಕಾಣಲಿಕ್ಕಿಲ್ಲ. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿ ಕೂತವರಿಗೆ ಕಾಣ್ತದೆ. ದಕ್ಷಿಣ ಕನ್ನಡದ ತಾಲೂಕು ಕೊಡಿ ಅಂತ ಸರ್ವರಿಗೆ ಮೊದಲು ಹೋದ ರಿಕ್ವೆಸ್ಟ್ ದಾರಿಯಲ್ಲಿ ಮೂರು ಸೆಕೆಂಡ್ ತೂಕಡಿಸಿತು. ಎರಡನೆಯದಕ್ಕೆ, ಅಂದರೆ ಉಡುಪಿಯದಕ್ಕೆ, ಉತ್ತರ ಬೇಗ ಬಂತು. ಪಟ್ಟಿ ಸರಿಯಾಗಿಯೇ ತುಂಬಿತು. ಆಮೇಲೆ ಹಳೆಯ ಉತ್ತರ ನಿಧಾನಕ್ಕೆ ಬಂದು ಅದರ ಮೇಲೆ ಕೂತಿತು. ನಿಮ್ಮ ಕೋಡಿನಲ್ಲಿ ಕೊನೆಗೆ ಬಂದವನದ್ದೇ ರಾಜ್ಯ, ಕೊನೆಗೆ ಕೇಳಿದವನದ್ದಲ್ಲ.

ನನ್ನ ತಕರಾರು ಇಷ್ಟೇ. ಎರಡನೇ ಡ್ರಾಪ್‌ಡೌನ್ (ತಾಲೂಕಿನ ಪಟ್ಟಿ) ತುಂಬಿಸುವ ಕೋಡ್ ಎಲ್ಲರೂ ಬರೀತಾರೆ, ಹತ್ತು ಸಾಲು. ಅದನ್ನು ಖಾಲಿ ಮಾಡುವ ಕೋಡ್ ಬರೆಯುವವರು ಕಡಿಮೆ. ಈ ಕೆಲಸದಲ್ಲಿ ಕಷ್ಟದ್ದು ಅದುವೇ.

ಜಿಲ್ಲೆ ಬದಲಾದ ಕ್ಷಣದಲ್ಲಿ, ಸರ್ವರಿನ ಕಡೆ ತಿರುಗುವ ಮೊದಲೇ, ತಾಲೂಕಿನ ಆಯ್ಕೆಗಳನ್ನು ಅಳಿಸಿ. ಅದರ ಕೆಳಗೆ ಗ್ರಾಮ ಇದ್ದರೆ ಅದನ್ನೂ ಅಳಿಸಿ. ಮೊಮ್ಮಗನನ್ನು ಮರೆಯುವವರೇ ಜಾಸ್ತಿ. ತಾಲೂಕು ಖಾಲಿ, ಗ್ರಾಮದಲ್ಲಿ ಮಾತ್ರ ಹಳೇ ಹೆಸರು ಹಾಗೇ. ಆಮೇಲೆ ಹಿಂದಿನ ರಿಕ್ವೆಸ್ಟನ್ನು ಅಬಾರ್ಟ್‌ಕಂಟ್ರೋಲರ್ ಎಂಬ ಬ್ರೌಸರಿನ ಸೌಲಭ್ಯ ಬಳಸಿ ನಿಲ್ಲಿಸಿ. ನಿಲ್ಲಿಸಿದಾಗ ಒಂದು ಅಬಾರ್ಟ್ ಎರರ್ ಬರ್ತದೆ. ಅದನ್ನು ಹಿಡಿದು ಸುಮ್ಮನೆ ಬಿಡಿ. "ಏನೋ ತೊಂದರೆಯಾಗಿದೆ" ಅಂತ ಕೆಂಪು ಪಟ್ಟಿ ತೋರಿಸಿ ಜನರನ್ನು ಹೆದರಿಸಬೇಡಿ. ಉತ್ತರ ಬಂದ ಮೇಲೂ ಒಂದು ಸಲ ಕೇಳಿ: ಇದು ಯಾವ ಜಿಲ್ಲೆಯ ಉತ್ತರ, ಈಗ ಫಾರ್ಮಿನಲ್ಲಿರುವ ಜಿಲ್ಲೆ ಯಾವುದು? ಹೊಂದದಿದ್ದರೆ ಬಿಸಾಡಿ. ಸರ್ವರ್ ತನ್ನ ಉತ್ತರದೊಳಗೇ ಜಿಲ್ಲೆಯ ಕೋಡನ್ನೂ (ಗುರುತಿನ ಸಂಖ್ಯೆ) ವಾಪಸು ಕಳಿಸಿದರೆ ಈ ಹೋಲಿಕೆ ಒಂದೇ ಸಾಲು.

ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಮಾಡುವವರಿಗೆ ಇನ್ನೊಂದು ಹೊಂಡ ಕಾದಿರ್ತದೆ. ಆಯ್ಕೆಗಳ ಪಟ್ಟಿಯನ್ನು ಖಾಲಿ ಮಾಡಿದಿರಿ, ಸ್ಟೇಟ್‌ನಲ್ಲಿ (ಪ್ರೋಗ್ರಾಮಿನ ಒಳನೆನಪಿನಲ್ಲಿ) ಇದ್ದ ಬೆಲೆಯನ್ನು, ಅಂದರೆ ಆರಿಸಿದ ವ್ಯಾಲ್ಯೂವನ್ನು, ಮುಟ್ಟಲಿಲ್ಲ. ಪರದೆಯಲ್ಲಿ "ತಾಲೂಕು ಆರಿಸಿ" ಅಂತ ಕಾಣ್ತದೆ, ಒಳಗೆ ಬಂಟ್ವಾಳದ ಕೋಡ್ ಇನ್ನೂ ಕೂತಿರ್ತದೆ. ನೀವೇ ಬರೆದ ತಪಾಸಣೆ ಸ್ಟೇಟನ್ನು ನೋಡಿ "ತಾಲೂಕು ಉಂಟಲ್ಲ" ಅಂತ ಪಾಸ್ ಮಾಡ್ತದೆ. ಸಬ್ಮಿಟ್ ಆಯ್ತು. ಬಳಕೆದಾರ ಕಂಡದ್ದು ಒಂದು, ಡೇಟಾಬೇಸ್‌ಗೆ ಹೋದದ್ದು ಇನ್ನೊಂದು.

ಇಂಥ ತಪ್ಪು ಜೋಡಿ ಒಳಗೆ ಹೋದರೆ ಕಣ್ಣಿಗೆ ಬೀಳುವುದೂ ಇಲ್ಲ ಮಾರಾಯ್ರೆ. ಜಿಲ್ಲೆ ಉಡುಪಿ, ತಾಲೂಕು ಪುತ್ತೂರು ಅಂತ ಬಂದರೆ ನೋಡುವವನಿಗೆ ಸಂಶಯ ಬರಲಿಕ್ಕಿಲ್ಲ, ಯಾಕೆಂದರೆ ಉಡುಪಿ ಪೇಟೆಯ ಪಕ್ಕದಲ್ಲೂ ಒಂದು ಪುತ್ತೂರು ಉಂಟು. ಕಡಬ ನಮ್ಮ ದಕ್ಷಿಣ ಕನ್ನಡದಲ್ಲಿ ತಾಲೂಕು, ತುಮಕೂರಿನ ಗುಬ್ಬಿಯಲ್ಲೂ ಒಂದು ಕಡಬ ಉಂಟು. ಹಾಗಾಗಿ ಹೆಸರನ್ನು ಬೆಲೆಯಾಗಿ ಇಡಬೇಡಿ, ಕೋಡ್ ಇಡಿ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆಯಿಂದ ಗ್ರಾಮದವರೆಗೆ ಕೋಡ್ ಉಂಟು, ಅದನ್ನೇ ಬಳಸಿ. 2014ರ ನವೆಂಬರ್ 1ಕ್ಕೆ ಮಂಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತಲ್ಲ, ಹೆಸರನ್ನೇ ಕೀಲಿಯಾಗಿ ಇಟ್ಟ ಡೇಟಾಬೇಸಿನಲ್ಲಿ ಒಂದೇ ಊರು ಎರಡಾಗಿ ಕೂರುವುದು ಹೀಗೆ.

ಸರ್ವರಿನಲ್ಲೂ ಜೋಡಿಯನ್ನು ತಪಾಸಣೆ ಮಾಡಿ: ಈ ತಾಲೂಕು ಈ ಜಿಲ್ಲೆಯದ್ದೇ ಹೌದಾ? ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಕೆಳಗಿನ ಕೋಡನ್ನು ಮಾತ್ರ ಉಳಿಸಿ, ಮೇಲಿನದ್ದನ್ನು ಅದರಿಂದಲೇ ತೆಗೆಯಿರಿ. ಜೋಡಿ ತಪ್ಪಲಿಕ್ಕೆ ಜಾಗವೇ ಇಲ್ಲ. ಒಂದು ಎಚ್ಚರಿಕೆ ಬೇಕು. ಊರು ಅಲುಗಾಡದಿದ್ದರೂ ತಾಲೂಕು ಬದಲಾಗ್ತದೆ. ಉಡುಪಿ 1997ರಲ್ಲಿ ಜಿಲ್ಲೆಯಾದಾಗ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಮೂರೇ. ಈಗ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಏಳು. ಹಳೆಯ ಅರ್ಜಿಯಲ್ಲಿ ಬೈಂದೂರಿನವರು ಕುಂದಾಪುರ ತಾಲೂಕು ಅಂತ ಬರೆದದ್ದು ಆ ದಿನಕ್ಕೆ ಸರಿಯೇ. ಯಾವ ದಿನಾಂಕದಿಂದ ಯಾವ ತಾಲೂಕು ಅಂತ ಟೇಬಲಿನಲ್ಲಿ ಇಡದಿದ್ದರೆ ಹಳೆಯ ದಾಖಲೆಗಳೆಲ್ಲ ಕೂತಲ್ಲೇ ಸುಳ್ಳಾಗ್ತವೆ.

ಅದಕ್ಕಿಂತ ಮೊದಲಿನ ಪ್ರಶ್ನೆ ಒಂದುಂಟು: ತಾಲೂಕಿಗೆ ಸರ್ವರನ್ನು ಕೇಳುವುದೇ ಯಾಕೆ? ರಾಜ್ಯದಲ್ಲಿ ಜಿಲ್ಲೆ 31, ತಾಲೂಕು 230ರ ಮೇಲೆ. ಎಲ್ಲಾ ಸೇರಿಸಿ ಜೇಸನ್ (ಸಾದಾ ಅಕ್ಷರಗಳ ಡೇಟಾ ಫೈಲ್) ಮಾಡಿದರೆ ಹೆಚ್ಚೆಂದರೆ 20 ಕೆಬಿ, ನಿಮ್ಮ ಲೋಗೋದ ಚಿತ್ರವೇ ಅದಕ್ಕಿಂತ ದೊಡ್ಡದಿರಬಹುದು. ಪುಟದ ಜೊತೆಗೇ ಕಳಿಸಿ. ಕಾಯುವುದಿಲ್ಲ, ಯಾವ ಉತ್ತರ ಮೊದಲು ಅನ್ನುವ ರೇಸ್ ಇಲ್ಲ, ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ನಡೀತದೆ. ಗ್ರಾಮಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅವು 29 ಸಾವಿರಕ್ಕೂ ಹೆಚ್ಚು. ಅಲ್ಲಿ ಮಾತ್ರ ತಾಲೂಕು ಆರಿಸಿದ ಮೇಲೆ ಕೇಳಿ.

ಆದರೂ ತಾಲೂಕಿಗೆ ಸರ್ವರನ್ನೇ ಕೇಳುವವರು ಕೀಬೋರ್ಡಿನವರನ್ನು ನೆನಪಿಡಿ. ವಿಂಡೋಸ್‌ನ ಕ್ರೋಮ್‌ನಲ್ಲಿ ಮುಚ್ಚಿದ ಡ್ರಾಪ್‌ಡೌನ್ ಮೇಲೆ ಕೆಳಬಾಣ ಒತ್ತಿದರೆ ಪ್ರತಿ ಒತ್ತಿಗೂ ಚೇಂಜ್ ಈವೆಂಟ್ (ಆಯ್ಕೆ ಬದಲಾಯಿತು ಎಂಬ ಸೂಚನೆ) ಏಳ್ತದೆ. ಅಕಾರಾದಿಯಲ್ಲಿ ಉಡುಪಿ, ಉತ್ತರ ಕನ್ನಡ, ಕಲಬುರಗಿ ಅಂತ ಇಳಿದರೆ ದಕ್ಷಿಣ ಕನ್ನಡ 13ನೆಯದು. ಹದಿಮೂರು ಒತ್ತು, ಹದಿಮೂರು ರಿಕ್ವೆಸ್ಟ್. ಹೆಸರು ಕನ್ನಡದಲ್ಲಿದ್ದರೆ ಇಂಗ್ಲಿಷಿನ ಡಿ ಒತ್ತಿ ಹಾರಲಿಕ್ಕೂ ಆಗುವುದಿಲ್ಲ. 300 ಮಿಲಿಸೆಕೆಂಡ್ ತಡೆದು ಆಮೇಲೆ ಕೇಳಿ.

ಇನ್ನು ಎಡಿಟ್ ಫಾರ್ಮ್, ಅಂದರೆ ಮೊದಲೇ ಕೊಟ್ಟ ಮಾಹಿತಿಯನ್ನು ತಿದ್ದುವಂಥದ್ದು. ಇಲ್ಲಿ ಆಗುವ ನಷ್ಟ ಸದ್ದೇ ಮಾಡುವುದಿಲ್ಲ. ಬಳಕೆದಾರ ಆರಿಸದೆ ಪ್ರೋಗ್ರಾಮೇ ಜಿಲ್ಲೆಯ ಬೆಲೆ ಹಾಕಿದರೆ ಚೇಂಜ್ ಈವೆಂಟ್ ಏಳುವುದಿಲ್ಲ, ತಾಲೂಕಿನ ಪಟ್ಟಿ ತುಂಬುವುದಿಲ್ಲ. ಪಟ್ಟಿ ಬರುವ ಮೊದಲೇ ತಾಲೂಕಿನ ಬೆಲೆ ಹಾಕಿದರೆ ಬ್ರೌಸರ್ ಅದನ್ನು ನುಂಗಿ ಖಾಲಿ ಇಡ್ತದೆ, ಎರರ್ ಕೊಡುವುದಿಲ್ಲ. ಪಾಪ, ಫೋನ್ ನಂಬರ್ ಬದಲಾಯಿಸಲಿಕ್ಕೆ ಬಂದವರು ಸೇವ್ ಒತ್ತಿ ಹೋಗ್ತಾರೆ, ಅವರ ತಾಲೂಕು ಅಳಿದು ಹೋಗ್ತದೆ. ಕಾಯುವಾಗ ಡಿಸೇಬಲ್ ಮಾಡಿ ಹಾಗೇ ಬಿಟ್ಟರೂ ಇದೇ ಗತಿ: ಡಿಸೇಬಲ್ ಆದ ಫೀಲ್ಡ್ ಸಬ್ಮಿಟ್‌ನಲ್ಲಿ ಹೋಗುವುದೇ ಇಲ್ಲ. ಜಿಲ್ಲೆ ಹಾಕಿ, ಪಟ್ಟಿ ಬರುವವರೆಗೆ ಕಾದು, ಆಮೇಲೆ ತಾಲೂಕು ಹಾಕಿ. ಅಷ್ಟರವರೆಗೆ ಸೇವ್ ಬಟನ್ ಮುಚ್ಚಿಡಿ.

ಪರೀಕ್ಷೆ ಮಾಡುವುದು ಹೀಗೆ. ಟೆಸ್ಟ್ ಸರ್ವರಿನಲ್ಲಿ ದಕ್ಷಿಣ ಕನ್ನಡದ ಉತ್ತರಕ್ಕೆ ಮಾತ್ರ ಮೂರು ಸೆಕೆಂಡ್ ತಡ ಹಾಕಿ, ಉಡುಪಿಯದ್ದು ಹಾಗೇ ಇರಲಿ. ಮೊದಲು ಅದು, ಕೂಡಲೇ ಇದು. ಐದು ಸೆಕೆಂಡ್ ಕೈ ಕಟ್ಟಿ ಕೂತು ಪಟ್ಟಿ ಬಿಡಿಸಿ, ಎಣಿಸಿ. ಏಳೇ ಹೆಸರು ಇರಬೇಕು, ಅದರಲ್ಲಿ ಸುಳ್ಯ ಇರಬಾರದು.