ಮೇಕಪ್ ಫೋಟೋ: ಕನ್ನಡಿಯಲ್ಲಿ ಚೆನ್ನ, ಫೋಟೋದಲ್ಲಿ ಯಾಕಿಲ್ಲ?

[ತೆರೆಯಲ್ಲಿ: ಒಂದೇ ಮುಖದ ಎರಡು ಫೋಟೋ, ಅಕ್ಕಪಕ್ಕ]

ಎರಡರಲ್ಲೂ ಇರೋದು ಒಂದೇ ಮೇಕಪ್. ಎಡಗಡೆ ಐಶ್ಯಾಡೋದ ಮೂರೂ ಬಣ್ಣ ಬಿಡಿಬಿಡಿಯಾಗಿ ಕಾಣುತ್ತೆ. ಬಲಗಡೆ ನೋಡಿ, ಹಣೆ, ಮೂಗು, ಕಣ್ಣಿನ ಕೆಳಗೆಲ್ಲ ಬೂದಿ ಬಳಿದ ಹಾಗಿದೆ. ಅದು ಫ್ಲ್ಯಾಷ್ ಕೆಲಸ. ಸಿಲಿಕಾ ಇರುವ ಸೆಟ್ಟಿಂಗ್ ಪೌಡರ್ (ಮೇಕಪ್ ಕದಲದಂತೆ ಮೇಲೆ ಹಚ್ಚುವ ಪುಡಿ), ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್, ಲೆನ್ಸಿನ ಪಕ್ಕದಿಂದ ಹೊರಟ ಬೆಳಕನ್ನು ಮತ್ತೆ ಲೆನ್ಸಿಗೇ ವಾಪಸ್ ಕಳಿಸುತ್ತವೆ. ಕನ್ನಡಿಯಲ್ಲಿ ಇದು ಕಾಣಲ್ಲ. ಫ್ಲ್ಯಾಷ್ ಬೀಳುವ ಸಮಾರಂಭಕ್ಕೆ ಮೇಕಪ್ ಮಾಡ್ತಿದ್ದರೆ, ಪೌಡರ್ ಹಚ್ಚಿದ ಕೂಡಲೇ ಫ್ಲ್ಯಾಷ್ ಹಾಕಿ ಒಂದು ಫೋಟೋ ತೆಗೆದು ನೋಡಿ. ಉಳಿದಂತೆ ಫ್ಲ್ಯಾಷ್ ಆಫ್.

[ತೆರೆಯಲ್ಲಿ: ಕಿಟಕಿ, ಕುರ್ಚಿ, ಬಿಳಿ ಹಲಗೆ]

ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ ಕೂರಿಸಿ, ಮುಖ ಕಿಟಕಿಗೆ ಸುಮಾರು 45 ಡಿಗ್ರಿ ಓರೆಯಾಗಿರಲಿ. ನೇರ ಬಿಸಿಲು ಬರ್ತಿದ್ದರೆ ತೆಳು ಬಿಳಿ ಪರದೆ ಎಳೀರಿ. ಆಚೆ ಕೆನ್ನೆ ಕತ್ತಲಾಗುತ್ತಲ್ಲ, ಆ ಕಡೆ ಥರ್ಮಾಕೋಲ್ ಶೀಟ್ ಹಿಡೀರಿ. ತೀರಾ ಹತ್ತಿರ ತರಬೇಡಿ: ನೆರಳು ಪೂರ್ತಿ ಹೋದರೆ ಕಷ್ಟಪಟ್ಟು ಹಚ್ಚಿದ ಕಾಂಟೂರ್ (ಮುಖದ ಉಬ್ಬುತಗ್ಗು ಎದ್ದು ಕಾಣಲು ಹಚ್ಚುವ ಗಾಢ ಬಣ್ಣ) ಕೂಡ ಹೋಗುತ್ತೆ. ರಿಂಗ್ ಲೈಟ್ ಎದುರಿಗೇ ಇಟ್ಟರೂ ಇದೇ ಗತಿ. ಅದನ್ನು ಸ್ವಲ್ಪ ಪಕ್ಕಕ್ಕೆ, ಕಣ್ಣಿಗಿಂತ ತುಸು ಮೇಲಕ್ಕೆ ಇಡಿ.

ಕೋಣೆಯ ಬಲ್ಬ್ ಆರಿಸಲೇಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೀತಾರೆ, ಅಂಕಿ ಕಮ್ಮಿಯಾದಷ್ಟೂ ಹಳದಿ: ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬ್ ಸುಮಾರು 3000. ಎರಡೂ ಸೇರಿದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತೆ. ಫೌಂಡೇಶನ್ ಶೇಡ್ ತಪ್ಪಾಯ್ತು ಅಂತ ಬೈಸಿಕೊಳ್ಳೋದು ಮಾತ್ರ ಮೇಕಪ್ ಮಾಡಿದವರು! ಗಾಢ ಹಸಿರು ಅಥವಾ ಕೆಂಪು ಬಟ್ಟೆ ಹಾಕಿದ್ದರೆ ಗಲ್ಲದ ಕೆಳಗೆ ಅದೇ ಬಣ್ಣ ಹೊಡೆಯುತ್ತೆ, ಹೆಗಲ ಮೇಲೆ ಬಿಳಿ ಬಟ್ಟೆ ಹೊದಿಸಿ.

[ತೆರೆಯಲ್ಲಿ: ಮಿನುಗುವ ರೆಪ್ಪೆ, ಹತ್ತಿರದಿಂದ]

ಗ್ಲಿಟರ್, ಫಾಯಿಲ್ ಶ್ಯಾಡೋ ಮಾತ್ರ ಈ ಮೆತ್ತನೆ ಬೆಳಕಿಗೆ ಬಗ್ಗಲ್ಲ. ಅದರ ಕಣ ಒಂದೊಂದೂ ಪುಟ್ಟ ಕನ್ನಡಿ, ಎದುರಿಗೆ ಇದ್ದದ್ದನ್ನೇ ತೋರಿಸುತ್ತೆ. ಎದುರಿಗೆ ಕತ್ತಲೆ ಕೋಣೆ ಇದ್ದರೆ ಚಿನ್ನದ ರೆಪ್ಪೆಯೂ ಕಂದು ಕಲೆಯಂತೆ ಕಾಣುತ್ತೆ. ಪಕ್ಕದಿಂದ, ಮೇಲಿನಿಂದ ಒಂದು ಸಣ್ಣ ಟಾರ್ಚ್ ಹಿಡಿದು, ಗಲ್ಲವನ್ನು ಚೂರು ಚೂರೇ ಎತ್ತಿ ಇಳಿಸಲು ಹೇಳಿ. ಮಿಂಚು ಹತ್ತಿದ ಕಡೆ ನಿಲ್ಲಿಸಿ, ಏಳೆಂಟು ಫೋಟೋ ತೆಗೀರಿ. ಕಣ್ಣು ಮುಚ್ಚುವಾಗ ಬಿಗಿಯಾಗಿ ಮುಚ್ಚಿದರೆ ರೆಪ್ಪೆ ಸುಕ್ಕಾಗುತ್ತೆ. ಮೊದಲು ಕೆಳಗೆ ನೋಡಿ, ಆಮೇಲೆ ಹಗುರವಾಗಿ ಮುಚ್ಚಲಿ.

ಫೋನ್ ಎಷ್ಟು ದೂರ? ಮುಖ್ಯ ಕ್ಯಾಮೆರಾ ವೈಡ್ ಆಗಿರುತ್ತೆ. ಒಂದಡಿಯಿಂದ ತೆಗೆದರೆ ಮೂಗು ದೊಡ್ಡದು, ಕಿವಿ ಮಾಯ, ಐಲೈನರ್ ಬಾಲ ಹಿಂದಕ್ಕೆ ಓಡಿದ ಹಾಗೆ. ಮೂರು ನಾಲ್ಕು ಅಡಿ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಬಳಸಿ. ಮ್ಯಾಕ್ರೋ ಮೋಡ್ ಬೇಡ, ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಕಣ್ಣ ಮೇಲೆ ಬೀಳುತ್ತೆ. ಕ್ಯಾಮೆರಾ ಇದ್ದವರಿಗೆ 85ರಿಂದ 100 ಮಿಲಿಮೀಟರ್ ಲೆನ್ಸ್, ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಹೆಚ್ಚು ಭಾಗ ಸ್ಪಷ್ಟ), ಶಟರ್ 1/125 ಸೆಕೆಂಡ್. ಎಫ್/2ರಲ್ಲಿ ರೆಪ್ಪೆಗೂದಲು ಸ್ಪಷ್ಟ, ಮೂಗಿನ ತುದಿ ಮಸುಕು.

ಲೆನ್ಸ್ ಒರೆಸಿ, ಬೆರಳಿನ ಜಿಡ್ಡು ಇದ್ದರೆ ಎಲ್ಲದಕ್ಕೂ ಮಂಜು ಮುಸುಕಿದ ಹಾಗಾಗುತ್ತೆ. ಬ್ಯೂಟಿ ಮೋಡ್ ತೆಗೀರಿ. ಕೆನ್ನೆ ಮೇಲೆ ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ, ಬೆಳಕು ಚೂರು ಇಳಿಸಿ. ಹೈಲೈಟರ್ ಇರುವ ಜಾಗ ಒಮ್ಮೆ ಪೂರ್ತಿ ಬಿಳಿಯಾದರೆ ಎಡಿಟಿಂಗ್‌ನಲ್ಲಿ ವಾಪಸ್ ಬರಲ್ಲ.

ಮೊದಲ ಫೋಟೋ ಜೂಮ್ ಮಾಡಿ ನೋಡಿ. ಹುಬ್ಬಿನಲ್ಲಿ ಪೌಡರ್, ರೆಪ್ಪೆಯಲ್ಲಿ ಹತ್ತಿ ಎಳೆ, ಕಣ್ಣ ಕೆಳಗೆ ಉದುರಿದ ಶ್ಯಾಡೋ: ಬ್ರಷ್‌ನಲ್ಲಿ ಹತ್ತು ಸೆಕೆಂಡಿನ ಕೆಲಸ, ಎಡಿಟಿಂಗ್‌ನಲ್ಲಿ ಅರ್ಧ ಗಂಟೆ. ಎಣ್ಣೆ ಹೊಳಪಿದ್ದರೆ ಬ್ಲಾಟಿಂಗ್ ಪೇಪರ್ ಒತ್ತಿ, ಮತ್ತೆ ಪೌಡರ್ ಹೇರಿದರೆ ಗಟ್ಟಿ ಪದರ ಕಾಣುತ್ತೆ.

[ತೆರೆಯಲ್ಲಿ: ಎಡಿಟಿಂಗ್ ಆ್ಯಪ್]

ಎಡಿಟಿಂಗ್‌ನಲ್ಲಿ ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಸರಿಮಾಡೋದು), ಆಮೇಲೆ ಬೆಳಕು, ಕೊನೆಗೆ ಒಂದೆರಡು ಚುಕ್ಕೆ ತೆಗೆಯೋದು. ಚರ್ಮ ನಯ ಮಾಡುವ ಸ್ಲೈಡರ್ ಮುಟ್ಟಬೇಡಿ, ರಂಧ್ರದ ಜೊತೆ ಬ್ಲೆಂಡಿಂಗೂ ಅಳಿಸಿಹೋಗುತ್ತೆ. ಮತ್ತೆ, ಬಣ್ಣ ತಿದ್ದುವ ಮೊದಲು ಫೋನಿನ ತೆರೆಯನ್ನು ಹಳದಿ ಮಾಡುವ ನೈಟ್ ಲೈಟ್ ಆಫ್ ಆಗಿದೆಯಾ ನೋಡಿ. ಹಳದಿ ತೆರೆ ನೋಡಿ ತಿದ್ದಿದ ಫೋಟೋ ಬೇರೆಯವರ ಫೋನಿನಲ್ಲಿ ನೀಲಿ ನೀಲಿ.