ದೋಣಿಗೂ ಟಿ.ಸಿ. ಬೇಕು

ನಮಸ್ಕಾರ. ಈ ಸಲ ಸಂಕ್ರಾಂತಿ ಹೊತ್ತಿಗೆ ನನ್ನ ಸ್ಕೂಲ್ ಗೆಳೆಯನೊಬ್ಬ ಮೈಸೂರಿಗೆ ಬಂದಿದ್ದ. ಮಂಡ್ಯದ ಕಡೆಯವನು, ಈಗ ನ್ಯೂಜಿಲೆಂಡಿನಲ್ಲಿದ್ದಾನೆ. ಕೆಆರ್‌ಎಸ್ ಹಿನ್ನೀರು ಬಿಟ್ಟರೆ ಬೇರೆ ದೊಡ್ಡ ನೀರು ಕಾಣದೆ ಬೆಳೆದವನು ಒಂದು ಹಾಯಿದೋಣಿ ಇಟ್ಟುಕೊಂಡಿದ್ದಾನೆ. ಚಂಡಮಾರುತದ ಕಾಲ ಮುಗಿದ ಮೇಲೆ, ಮೇ ತಿಂಗಳಲ್ಲಿ, ಹೆಂಡತಿ ಜೊತೆ ಫಿಜಿಗೆ ಹೊರಡುತ್ತಾನೆ. ಸಾವಿರಕ್ಕೂ ಜಾಸ್ತಿ ನಾಟಿಕಲ್ ಮೈಲಿ. ಊರಿಗೆ ಬಂದವನು ಮೊದಲು ಕೇಳಿದ್ದು ದೋಸೆ ಅಲ್ಲ. "ರಬ್ಬರ್ ಸ್ಟಾಂಪ್ ಮಾಡೋ ಅಂಗಡಿ ಎಲ್ಲಿದೆಯೋ?" ಅಂದ.

ಕರೆದುಕೊಂಡು ಹೋದೆ. ಅಂಗಡಿಯವರು ಚೀಟಿಯಲ್ಲಿದ್ದ ಹೆಸರು ನೋಡಿ, "ಯಾವ ಸೊಸೈಟಿದು ಸಾರ್?" ಅಂದರು. ದೋಣಿದು ಅಂದರೆ ನಂಬಲೇ ಇಲ್ಲ.

ದೋಣಿಗೆ ಯಾಕೆ ಸ್ಟಾಂಪು? ಬೇಕೇ ಬೇಕು ಅಂತ ಕಾನೂನೇನೂ ಇಲ್ಲ. ಆದರೆ ದೋಣಿ ಬೇರೆ ದೇಶ ಮುಟ್ಟಿದರೆ ಬಂದರಿನಲ್ಲಿ ಫಾರಂ ತುಂಬಬೇಕು, ಸಣ್ಣ ಬಂದರುಗಳಲ್ಲಿ ಸಹಿ ಪಕ್ಕ ಒಂದು ದುಂಡು ಮುದ್ರೆ ಬಿದ್ದರೆ ಆಫೀಸರ ಮುಖ ಅರಳುತ್ತದಂತೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಅವತ್ತು ಸಂಜೆಯೆಲ್ಲ ಅವನದು ಒಂದೇ ಗೋಳು. "ಸಮುದ್ರಕ್ಕೆ ಹೋದರೂ ತಾಲ್ಲೂಕು ಆಫೀಸು ತಪ್ಪಲಿಲ್ಲ ಕಣೋ." ಕಸ್ಟಮ್ಸ್, ಇಮಿಗ್ರೇಶನ್, ಆರೋಗ್ಯ, ಹೊರಗಿನ ಕೀಟ, ಕಳೆ, ರೋಗ ಒಳಗೆ ಬರದಂತೆ ನೋಡುವ ಬಯೋಸೆಕ್ಯುರಿಟಿ, ಎಲ್ಲರಿಗೂ ಒಂದೊಂದು ಫಾರಂ. ದೋಣಿಯ ನೋಂದಣಿ, ಇನ್ಶೂರೆನ್ಸ್, ಒಳಗಿರುವವರ ಪಟ್ಟಿ. ಇರುವುದೇ ಗಂಡ ಹೆಂಡತಿ ಇಬ್ಬರು, ಅದಕ್ಕೂ 'ಕ್ರೂ ಲಿಸ್ಟ್'! ನನಗೆ ನಗು ಬಂತು. ಆದರೆ ಅವನ ಗೋಳು ನಾನು ಒಪ್ಪುವುದಿಲ್ಲ. ಇವತ್ತು ಅದನ್ನೇ ಹೇಳೋಣ ಅಂತ ಕೂತಿದ್ದೇನೆ.

ಈ ಕಾಗದಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊಸ ಬಂದರಿನ ಕಾಗದ ಅಲ್ಲ, ಬಿಟ್ಟು ಬಂದ ಬಂದರಿನ ಕಾಗದ. ಹಿಂದಿನ ಬಂದರಿನವರು ಕೊಡುವ ಪೋರ್ಟ್ ಕ್ಲಿಯರೆನ್ಸ್. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಅದಕ್ಕೆ ಸಾರ್ಪೆ ಅನ್ನುತ್ತಾರೆ. ನಮ್ಮ ಸ್ಕೂಲಿನ ಟಿ.ಸಿ. ಇದ್ದ ಹಾಗೆ. ಟಿ.ಸಿ. ಇಲ್ಲದೆ ಹೊಸ ಸ್ಕೂಲಿಗೆ ಹೋದರೆ ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ಹೇಗೆ ನೋಡುತ್ತಾರೆ? ಅಲ್ಲೂ ಅದೇ ನೋಟ. ಇವನು ಎಲ್ಲಿಂದ ಬಂದ? ಬಾಕಿ ಇಟ್ಟು ಓಡಿ ಬಂದನಾ? ದೋಣಿ ಇವನದೇನಾ? ಈ ಅನುಮಾನ ಬರುವುದರಲ್ಲಿ ತಪ್ಪೇನಿದೆ?

ಇನ್ನು ಮುಂಚಿತವಾಗಿ ತಿಳಿಸುವ ವಿಷಯ. ಫಿಜಿಗೂ ನ್ಯೂಜಿಲೆಂಡಿಗೂ ತಲುಪುವ 48 ಗಂಟೆ ಮೊದಲೇ ಫಾರಂ ಕಳಿಸಿರಬೇಕು. ಆಸ್ಟ್ರೇಲಿಯಾಕ್ಕೆ 12 ಗಂಟೆ. 2024ರಿಂದ ನಾವು ಊಟಿಗೆ ಹೋಗುವುದಕ್ಕೇ ಇ-ಪಾಸ್ ತಗೊಳ್ಳುತ್ತಿಲ್ಲವಾ?

ಕರಾವಳಿಯಿಂದ 12 ನಾಟಿಕಲ್ ಮೈಲಿ ಆ ದೇಶದ್ದೇ ಸಮುದ್ರ. ಸುಮಾರು 22 ಕಿಲೋಮೀಟರ್, ಇಲ್ಲಿಂದ ನಂಜನಗೂಡಿನಷ್ಟು ದೂರ. ಅದರೊಳಗೆ ಬಂದ ಮೇಲೆ ಒಂದು ಹಳದಿ ಬಾವುಟ ಏರಿಸಬೇಕು. ನಮ್ಮಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಒಳಗೆ ಬಿಡಿ ಅಂತ ಅದರ ಅರ್ಥ. ಒಂದು ಕಾಲದಲ್ಲಿ ಇದೇ ಹಳದಿಗೆ ಇಲ್ಲಿ ಕಾಯಿಲೆ ಇದೆ ಅನ್ನುವ ಅರ್ಥ ಇತ್ತು. ಕ್ರೊಯೇಷಿಯಾದಲ್ಲಿ ಈಗ ಡುಬ್ರಾವ್ನಿಕ್ ಅಂತ ಕರೆಯುವ ಊರಿನವರು 1377ರಲ್ಲೇ ಪ್ಲೇಗಿಗೆ ಹೆದರಿ, ಹೊರಗಿಂದ ಬಂದವರನ್ನು 30 ದಿನ ಊರಾಚೆ ಇಟ್ಟರು. ಆಮೇಲೆ ಅದು 40 ದಿನ ಆಯಿತು. ಕ್ವಾರಂಟೈನ್ ಅನ್ನುವ ಮಾತು ಬಂದದ್ದೇ 40ಕ್ಕೆ ಇಟಾಲಿಯನ್ನಿನಲ್ಲಿ ಇರುವ ಪದದಿಂದ. ಪ್ಲೇಗಮ್ಮನಿಗೆ ಗುಡಿ ಕಟ್ಟಿ ಪೂಜೆ ಮಾಡಿದ ಸೀಮೆಯವರು ನಾವು. ಈ ಹೆದರಿಕೆ ನಮಗೆ ಅರ್ಥವಾಗಬೇಕು. ಅಧಿಕಾರಿಗಳು ಬಂದು ನೋಡಿ ಸರಿ ಅನ್ನುವವರೆಗೆ ಯಾರೂ ನೆಲಕ್ಕೆ ಕಾಲಿಡುವ ಹಾಗಿಲ್ಲ. ಎಷ್ಟೋ ಕಡೆ ಮೊದಲು ಇಳಿಯುವುದು ಕ್ಯಾಪ್ಟನ್ ಒಬ್ಬನೇ, ಫೈಲ್ ಹಿಡಿದುಕೊಂಡು.

ನ್ಯೂಜಿಲೆಂಡಿನವರು ದೋಣಿಯ ತಳವನ್ನೂ ಬಿಡುವುದಿಲ್ಲ. ಪಾಚಿ, ಚಿಪ್ಪುಹುಳ ಏನೂ ಅಂಟಿರಬಾರದು. 2018ರಿಂದ ಈ ನಿಯಮ ಕಡ್ಡಾಯ. ಬರುವ ಮುಂಚಿನ 30 ದಿನದೊಳಗೆ ತಳ ತೊಳೆಸಿದ ದಾಖಲೆ ಇದ್ದರೆ ಸಲೀಸು. ಕೊಡಗಿನ ಜೇನಿನ ಬಾಟಲಿ ಇದ್ದರೆ ಅದು ಕಸದ ಡಬ್ಬಕ್ಕೆ. ಹೇಳದೆ ಬಚ್ಚಿಟ್ಟು ಸಿಕ್ಕಿಬಿದ್ದರೆ ನಿಂತಲ್ಲೇ 400 ಡಾಲರ್ ದಂಡ. ಇದು ಅತಿ ಅಂತ ನನ್ನ ಗೆಳೆಯ. ಬಂಡೀಪುರಕ್ಕೆ ಹೋಗಿ ನೋಡು ಅಂದೆ. ಕಾಡೆಲ್ಲ ನುಂಗಿರುವ ಲಂಟಾನ ತಾನಾಗಿ ಬಂದದ್ದಲ್ಲ. ಹೂವು ಚಂದ ಅಂತ ಯಾರೋ ಹಡಗಿನಲ್ಲಿ ತಂದದ್ದು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಸಮುದ್ರದ ಗೆರೆ ದಾಟಿದರೆ ಹಾಯಿದೋಣಿಯವನಿಗೆ ನಾಲ್ಕು ಫಾರಂ. ಮೀನುಗಾರನಿಗೆ ಜೈಲು. ರಾಮೇಶ್ವರದವರು ಆ ಕಡೆ ಹೋದರೆ ಶ್ರೀಲಂಕಾ ನೌಕಾಪಡೆ ಹಿಡಿಯುತ್ತದೆ. ಗುಜರಾತಿನವರು ಕರಾಚಿಯಲ್ಲಿ ಕೊಳೆಯುತ್ತಾರೆ. 2008ರ ಒಪ್ಪಂದದ ಪ್ರಕಾರ ಭಾರತ, ಪಾಕಿಸ್ತಾನ ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ಕ್ಕೆ, ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಅದರಲ್ಲಿ ಮೀನುಗಾರರಿಗೇ ಬೇರೆ ಲೆಕ್ಕ. ಅದನ್ನು ತಿಳಿದ ಮೇಲೂ ಕ್ರೂ ಲಿಸ್ಟ್ ಬರೆಯುವುದು ಕಷ್ಟ ಅನ್ನುವವರ ಬಗ್ಗೆ ನನಗೆ ಕನಿಕರ ಬರುವುದಿಲ್ಲ.

ಅವನ ಒಂದು ದೂರನ್ನು ಮಾತ್ರ ಒಪ್ಪುತ್ತೇನೆ. ಒಂದಲ್ಲ ಒಂದು ವರ್ಷ ಕೊಚ್ಚಿಗೆ ದೋಣಿ ತರುವ ಆಸೆ ಅವನಿಗೆ. ಆದರೆ ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೆ ಅಪರಾಧ. ನಡುಸಮುದ್ರದಲ್ಲಿ ಜೀವ ಉಳಿಸುವುದೇ ಆ ಫೋನು. ಭದ್ರತೆ ಬೇಕು, ಸರಿ. ಬಂದರಿಗೆ ಬಂದ ಕೂಡಲೇ ತೋರಿಸಿ, ಸೀಲ್ ಹಾಕಿಸಿ, ಹೊರಡುವಾಗ ಬಿಡಿಸಿಕೊಳ್ಳುವ ಹಾಗೆ ಒಂದು ಸುಲಭದ ದಾರಿ ಮಾಡಬಾರದಾ?

ಕೊನೆಗೆ ಅವನೇ ಒಂದು ವಿಷಯ ಹೇಳಿದ. ಫಿಜಿಯಲ್ಲಿ ಸರ್ಕಾರದ ಕಾಗದ ಎಲ್ಲ ಮುಗಿದರೂ, ಹಳ್ಳಿಯ ಮುಂದೆ ಲಂಗರು ಹಾಕಿದರೆ ಮೊದಲು ಊರಿನ ಯಜಮಾನರನ್ನು ಕಾಣಬೇಕು. ಅವರು ಪಾನೀಯ ಮಾಡಿ ಕುಡಿಯುವ ಕಾವಾ ಅನ್ನುವ ಗಿಡದ ಬೇರಿನ ಕಟ್ಟು ಒಂದನ್ನು ಅವರ ಮುಂದಿಟ್ಟು ಕೂರಬೇಕು. ಅದಕ್ಕೆ ಸೆವುಸೆವು ಅನ್ನುತ್ತಾರೆ. ಅವರು ಸ್ವೀಕರಿಸಿದರೆ ನೀವು ಆ ಊರಿನ ನೆಂಟರು. ಇದನ್ನು ಹೇಳುವಾಗ ಮಾತ್ರ ಇವನ ಮುಖದಲ್ಲಿ ಗೋಳಿರಲಿಲ್ಲ.

"ನಮ್ಮ ತಾಂಬೂಲದ ಹಾಗೆ ಕಣೋ" ಅಂದೆ. "ಈ ಸಲ ಮೈಸೂರು ವೀಳ್ಯದೆಲೆ ಒಂದು ಕಟ್ಟು ತಗೊಂಡು ಹೋಗಿ ಇಡು." ಅವನು ಸ್ಟಾಂಪಿನ ಡಬ್ಬಿ ಜೇಬಿಗೆ ಹಾಕಿಕೊಳ್ಳುತ್ತಾ, "ಹಸಿ ಎಲೆ ಮಗಾ, ಬಂದರಿನಲ್ಲೇ ಕಿತ್ತುಕೊಳ್ಳುತ್ತಾರೆ" ಅಂದ.