ಬರ್ಗ್‌ಮನ್ ಮಗಳು ಕೋಳಿ ಸಾಕಿದ್ದು

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ನಟಿ, ಮಾಡೆಲ್ ಇಸಾಬೆಲ್ಲಾ ರೊಸೆಲಿನಿ ಬಗ್ಗೆ. ಅವರ ತಾಯಿ, ಹಾಲಿವುಡ್ ನಟಿ ಇಂಗ್ರಿಡ್ ಬರ್ಗ್‌ಮನ್ ಅಂದರೆ ‘ಕಾಸಾಬ್ಲಾಂಕಾ’ ನೋಡಿದವರೆಲ್ಲ ತಲೆಯಾಡಿಸುತ್ತಾರೆ. ತಂದೆ, ಇಟಲಿಯ ನಿರ್ದೇಶಕ ರೊಬೆರ್ಟೊ ರೊಸೆಲಿನಿ ಅಂದರೆ ಫಿಲ್ಮ್ ಸೊಸೈಟಿ ಕಡೆಯವರು ನೆಟ್ಟಗೆ ಕೂರುತ್ತಾರೆ. ಮಗಳ ವಿಷಯಕ್ಕೆ ಬಂದರೆ ಮಾತ್ರ, ‘ಹೌದು, ಅಮ್ಮನ ಥರಾನೇ ಇದ್ದಾರಲ್ವಾ’ ಅನ್ನುವಲ್ಲಿಗೆ ಮಾತು ಮುಗಿದುಬಿಡುತ್ತದೆ.

ನಾನು ಹೇಳಬೇಕು ಅಂದುಕೊಂಡಿರುವುದೂ ಅದನ್ನೇ. ಸ್ಟಾರ್ ಮಕ್ಕಳು ಅಂದ ತಕ್ಷಣ ನಾವು ಲಾಂಚ್ ಬಗ್ಗೆ ಮಾತಾಡುತ್ತೇವೆ, ಯಾರು ದುಡ್ಡು ಹಾಕಿದರು, ಯಾವ ನಿರ್ದೇಶಕ ಸಿಕ್ಕ, ಅಷ್ಟೇ. ಇಸಾಬೆಲ್ಲಾಗೆ ಬಂದ ಆಸ್ತಿ ಅದಲ್ಲ. ಅಮ್ಮನ ಮುಖ. ಆ ಮುಖ ಅನ್ನ ಹಾಕಿತು, ಹೆಸರು ತಂದಿತು, ಆಮೇಲೆ ಅದೇ ಮುಖಕ್ಕೆ ವಯಸ್ಸಾಯಿತು ಅಂತ ಕೆಲಸದಿಂದ ತೆಗೆದರು. ಅದಾದ ಮೇಲೆ ಅವರು ಮಾಡಿದ್ದೇನು ಅನ್ನುವುದು ನನಗೆ ಅದಕ್ಕೂ ಮುಂಚಿನ ಎಲ್ಲಕ್ಕಿಂತ ಜಾಸ್ತಿ ಇಷ್ಟ.

ಆದರೆ ಮನೆಯ ಕಥೆ ಸ್ವಲ್ಪ ಹೇಳಲೇಬೇಕು, ಅದಿಲ್ಲದೆ ಈ ಹೆಂಗಸು ಅರ್ಥವಾಗುವುದಿಲ್ಲ. 1940ರ ದಶಕದ ಅಮೆರಿಕದಲ್ಲಿ ಬರ್ಗ್‌ಮನ್ ಅಂದರೆ ಹೆಚ್ಚುಕಡಿಮೆ ದೇವತೆ. ಒಂದು ಚಿತ್ರದಲ್ಲಿ ಕ್ರೈಸ್ತ ಸನ್ಯಾಸಿನಿ, ಇನ್ನೊಂದರಲ್ಲಿ ಫ್ರಾನ್ಸಿನ ಸಂತ ಜೋನ್ ಆಫ್ ಆರ್ಕ್. ಅಂಥವರು 1949ರಲ್ಲಿ ‘ಸ್ಟ್ರಾಂಬೊಲಿ’ ಚಿತ್ರಕ್ಕೆಂದು ಇಟಲಿಗೆ ಹೋದರು, ನಿರ್ದೇಶಕ ರೊಸೆಲಿನಿಯನ್ನು ಪ್ರೀತಿಸಿದರು. ಇಬ್ಬರಿಗೂ ಮದುವೆಯಾಗಿತ್ತು, ಮಕ್ಕಳಿದ್ದರು. 1950ರ ಫೆಬ್ರುವರಿಯಲ್ಲಿ ಮಗ ರೊಬೆರ್ತಿನೊ ಹುಟ್ಟಿದ. ಮಾರ್ಚ್ 14ಕ್ಕೆ ಕೊಲೊರಾಡೊದ ಎಡ್ವಿನ್ ಜಾನ್ಸನ್ ಎಂಬ ಸೆನೆಟರ್ ಅಮೆರಿಕದ ಸೆನೆಟ್‌ನಲ್ಲೇ ಎದ್ದು ನಿಂತು ಆಕೆಯನ್ನು ಬಾಯಿಗೆ ಬಂದಂತೆ ಬೈದರು. ಬೈದು ಸುಮ್ಮನಾಗಲಿಲ್ಲ, ನಟನಟಿಯರಿಗೆ ಸರ್ಕಾರ ಲೈಸೆನ್ಸ್ ಕೊಡಬೇಕು, ನಡತೆ ಸರಿಯಿಲ್ಲದಿದ್ದರೆ ಕಿತ್ತುಕೊಳ್ಳಬೇಕು ಅನ್ನುವ ಮಸೂದೆಯನ್ನೂ ತಂದರು! ಒಬ್ಬ ನಟಿಯ ಹೆರಿಗೆಗೆ ಇಷ್ಟೆಲ್ಲ. 1972ರಲ್ಲಿ ಇನ್ನೊಬ್ಬ ಸೆನೆಟರ್, ಚಾರ್ಲ್ಸ್ ಪರ್ಸಿ, ಅದೇ ಸೆನೆಟ್‌ನ ದಾಖಲೆಯಲ್ಲಿ ಆಕೆಯ ಕ್ಷಮೆ ಕೇಳಿದರು. ಇಪ್ಪತ್ತೆರಡು ವರ್ಷ ಬೇಕಾಯಿತು.

ಇದರ ನಡುವೆ, 1952ರ ಜೂನ್ 18ರಂದು, ರೋಮ್‌ನಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಒಬ್ಬರು ಇಸಾಬೆಲ್ಲಾ, ಇನ್ನೊಬ್ಬರು ಇಸೊಟ್ಟಾ ಇಂಗ್ರಿಡ್. ಅಮ್ಮನ ಹೆಸರು ಹೋಗಿದ್ದು ಇನ್ನೊಬ್ಬರಿಗೆ, ಮುಖ ಬಂದಿದ್ದು ಇವರಿಗೆ.

ಮುಂದಿನ ಬಿರುಗಾಳಿ ಎದ್ದಿದ್ದು ನಮ್ಮ ದೇಶದಲ್ಲಿ. 1956ರ ಕೊನೆಯಲ್ಲಿ ರೊಸೆಲಿನಿ ಭಾರತಕ್ಕೆ ಬಂದರು, ನೆಹರೂ ಅವರ ಬೆಂಬಲವಿತ್ತು. ಅವರು ಮಾಡಿದ ‘ಇಂಡಿಯಾ: ಮಾತೃಭೂಮಿ’ಯಲ್ಲಿ ಆನೆ, ಮಾವುತರ ಒಂದು ಭಾಗವಿದೆ. ಅದು ನಮ್ಮ ಮೈಸೂರು ಸೀಮೆಯ ಕಾರಾಪುರದ ಕಡೆಯ ಕಾಡು. ಅವಕಾಶ ಸಿಕ್ಕರೆ ನೋಡಿ, ಆನೆಗಳು ಸ್ನಾನ ಮಾಡುವುದನ್ನು ಆ ಮನುಷ್ಯ ಅವಸರವೇ ಇಲ್ಲದೆ ತೋರಿಸಿದ್ದಾರೆ. ಇಲ್ಲೇ ಅವರಿಗೆ ಸೋನಾಲಿ ದಾಸ್‌ಗುಪ್ತಾ ಪರಿಚಯವಾಗಿದ್ದು. ಅವರಿಗೂ ಮದುವೆಯಾಗಿತ್ತು, ಪತ್ರಿಕೆಗಳು ರಣರಂಪ ಮಾಡಿದವು. 1957ರಲ್ಲಿ ಬರ್ಗ್‌ಮನ್, ರೊಸೆಲಿನಿ ಬೇರೆಯಾದರು. ಇಸಾಬೆಲ್ಲಾಗೆ ಆಗ 5 ವರ್ಷ. ಕೋರ್ಟು ಕಚೇರಿ ಎಲ್ಲ ಆಗಿ, ಮಕ್ಕಳು ರೋಮ್‌ನಲ್ಲಿ ಬೆಳೆದರು. ಅಮ್ಮ ಮರುಮದುವೆಯಾಗಿ ಪ್ಯಾರಿಸ್ ಕಡೆ ಇದ್ದರು.

ಅಮ್ಮ ದೂರವಿದ್ದರು, ಸರಿ. ಆದರೆ ಇಸಾಬೆಲ್ಲಾಗೆ ಬೆನ್ನುಮೂಳೆ ಸೊಟ್ಟಗಾಗುವ ತೊಂದರೆ ಕಾಣಿಸಿಕೊಂಡಾಗ ಬರ್ಗ್‌ಮನ್ ಕೆಲಸ ಬಿಟ್ಟು ಬಂದು ಮಗಳ ಪಕ್ಕ ಕೂತರು. ಸಣ್ಣ ಚಿಕಿತ್ಸೆಯಲ್ಲ ಅದು. ಮೈ ಹಿಗ್ಗಿಸುವುದು, ಇಡೀ ಮೈಗೆ ಪ್ಲಾಸ್ಟರ್ ಹಾಕುವುದು, ಕಾಲಿನ ಮೂಳೆಯ ಚೂರು ತೆಗೆದು ಬೆನ್ನಿಗೆ ಕೂರಿಸುವ ಆಪರೇಷನ್, ತಿಂಗಳುಗಟ್ಟಲೆ ನಡೆಯಿತು. ಮುಂದೆ ಲಕ್ಷಾಂತರ ಜನ ಕಣ್ಣರಳಿಸಿ ನೋಡಿದ ಮಾಡೆಲ್, 13ನೇ ವಯಸ್ಸಿನಲ್ಲಿ ಪ್ಲಾಸ್ಟರ್ ಒಳಗೆ ಮಲಗಿದ್ದ ಹುಡುಗಿ. ತಾಯಿ ಮಕ್ಕಳನ್ನು ಬಿಟ್ಟು ಸಿನಿಮಾದ ಹಿಂದೆ ಹೋದಳು ಅಂತ ಬರೆಯುವವರು ಈ ದಿನಗಳನ್ನು ಯಾಕೋ ಮರೆಯುತ್ತಾರೆ.

19ಕ್ಕೆ ನ್ಯೂಯಾರ್ಕ್‌ಗೆ ಹೋದರು. ಭಾಷಾಂತರ ಮಾಡಿದರು, ಇಟಲಿಯ ಟಿವಿಗೆ ವರದಿ ಕಳಿಸಿದರು. ನಟಿಯಾಗುವ ಆತುರವೇ ಇರಲಿಲ್ಲ. 1976ರಲ್ಲಿ ಅಮ್ಮನ ಜೊತೆ ಒಂದು ಚಿತ್ರದಲ್ಲಿ ಸಣ್ಣ ಪಾತ್ರ, ಅದೂ ಸನ್ಯಾಸಿನಿಯ ಪಾತ್ರ. ಚಿತ್ರ ಓಡಲಿಲ್ಲ. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಜೊತೆ ಮದುವೆ, 1982ರಲ್ಲಿ ವಿಚ್ಛೇದನ. ಈ ಸಂಬಂಧಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಬಿಡಿ.

28ನೇ ವಯಸ್ಸಿನಲ್ಲಿ ಮಾಡೆಲಿಂಗ್ ಶುರು. ಆ ವೃತ್ತಿಯಲ್ಲಿ 28 ಅಂದರೆ ನಿವೃತ್ತಿಯ ವಯಸ್ಸು! ಆದರೂ 1982ರಲ್ಲಿ ಫ್ರಾನ್ಸಿನ ಸೌಂದರ್ಯವರ್ಧಕ ಕಂಪನಿ ಲಾಂಕೋಮ್ ಅವರನ್ನು ತನ್ನ ಮುಖವಾಗಿ ಆರಿಸಿಕೊಂಡಿತು. ಅದೇ ವರ್ಷ ಆಗಸ್ಟ್ 29ರಂದು, ತಮ್ಮ 67ನೇ ಹುಟ್ಟುಹಬ್ಬದ ದಿನ, ಬರ್ಗ್‌ಮನ್ ತೀರಿಕೊಂಡರು.

1986ರಲ್ಲಿ ಡೇವಿಡ್ ಲಿಂಚ್ ಅವರ ‘ಬ್ಲೂ ವೆಲ್ವೆಟ್’ ಬಂತು. ಇದರ ಬಗ್ಗೆ ಇನ್ನೂ ಜಗಳ ನಿಂತಿಲ್ಲ. ರೋಜರ್ ಈಬರ್ಟ್ ಅಂಥ ದೊಡ್ಡ ವಿಮರ್ಶಕ ಒಂದೇ ನಕ್ಷತ್ರ ಕೊಟ್ಟು, ನಿರ್ದೇಶಕ ಈ ನಟಿಯನ್ನು ಕೆಟ್ಟದಾಗಿ ಬಳಸಿಕೊಂಡಿದ್ದಾನೆ ಅಂತ ಸಿಟ್ಟಾದರು. ನಾನು ಒಪ್ಪುವುದಿಲ್ಲ. ಆ ಪಾತ್ರ ಹಿಂಸೆಯಲ್ಲಿ ನಲುಗಿದ ಹೆಂಗಸಿನದು. ತನ್ನ ಮುಖ ಅಂದವಾಗಿ ಕಾಣಲೇಬೇಕು ಅನ್ನುವ ಒತ್ತಾಯವನ್ನು ಇಸಾಬೆಲ್ಲಾ ಬೇಕೆಂದೇ ಬಿಟ್ಟಿದ್ದಾರೆ. ಪೌಡರ್ ಕ್ರೀಮು ಮಾರುವ ಮುಖ ಇಟ್ಟುಕೊಂಡು ಇಂಥ ಕೆಲಸ ಮಾಡಲು ಧೈರ್ಯ ಬೇಕು. ಇದನ್ನು ಯಾರೋ ಅವರಿಂದ ಮಾಡಿಸಿಬಿಟ್ಟರು ಅನ್ನುವುದೇ ಸ್ವಲ್ಪ ಅವಮಾನ, ಅಲ್ವಾ? ಆ ಪಾತ್ರಕ್ಕೆ ಅವರಿಗೆ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ ಬಂತು.

1992ರ ‘ಡೆತ್ ಬಿಕಮ್ಸ್ ಹರ್’ನಲ್ಲಿ ಅವರು ಎಂದೂ ಮುಪ್ಪಾಗದ ಔಷಧಿ ಮಾರುವ ಮಾಯಗಾತಿ. ನಾಲ್ಕು ವರ್ಷಕ್ಕೆ, 1996ರಲ್ಲಿ, ಲಾಂಕೋಮ್ ಅವರನ್ನು ಕೈಬಿಟ್ಟಿತು. ಅವರಿಗಿನ್ನೂ 44ರ ಆಸುಪಾಸು. ಕೊಟ್ಟ ಕಾರಣವನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ: ಜಾಹೀರಾತು ಇರುವುದು ಕನಸು ಮಾರುವುದಕ್ಕೆ, ಹೆಂಗಸರ ಕನಸು ಅಂದರೆ ಯೌವನ, ಆದ್ದರಿಂದ ನೀವು ಬೇಡ. ಸಿನಿಮಾ ಪಾತ್ರಗಳೂ ಕಡಿಮೆಯಾದವು. ಇಷ್ಟು ದಿನ ಕೈಹಿಡಿದಿದ್ದ ಅಮ್ಮನ ಮುಖ ಇನ್ನು ಉಪಯೋಗಕ್ಕೆ ಬರುವುದಿಲ್ಲ ಅಂದಾಯಿತು.

ಆಗ ಅವರು ಹಿಡಿದ ದಾರಿ ನೋಡಿ. ಚಿಕ್ಕಂದಿನಿಂದಲೂ ಪ್ರಾಣಿಗಳ ಹುಚ್ಚು. 2008ರಲ್ಲಿ ಸನ್‌ಡಾನ್ಸ್ ವಾಹಿನಿಗೆ ‘ಗ್ರೀನ್ ಪೋರ್ನೊ’ ಅಂತ ಒಂದೆರಡು ನಿಮಿಷದ ಪುಟಾಣಿ ಚಿತ್ರಗಳನ್ನು ಮಾಡಿದರು. ಹೆಸರು ಕೇಳಿ ಗಾಬರಿಯಾಗಬೇಡಿ. ಎರೆಹುಳು, ನೊಣ, ಜೇನು, ಬಸವನಹುಳು ಹೇಗೆ ಕೂಡುತ್ತವೆ ಅನ್ನುವುದನ್ನು ಕಾಗದ, ರಟ್ಟಿನ ವೇಷ ಹಾಕಿಕೊಂಡು ತಾವೇ ಅಭಿನಯಿಸಿ ತೋರಿಸುತ್ತಾರೆ. ನೋಡಿದರೆ ನಗು ತಡೆಯುವುದಕ್ಕಾಗಲ್ಲ, ಆದರೆ ಜೀವಶಾಸ್ತ್ರ ಮಾತ್ರ ಪಕ್ಕಾ. ಜಗತ್ತಿನ ಸುಂದರಿಯರ ಸಾಲಿನಲ್ಲಿದ್ದ ಹೆಂಗಸು ನೊಣದ ಕಣ್ಣು ಕಟ್ಟಿಕೊಂಡು ಕ್ಯಾಮೆರಾ ಎದುರು ಗಂಭೀರವಾಗಿ ಮಾತಾಡುವುದನ್ನು ನೋಡಿಯೇ ನಂಬಬೇಕು. ಆಮೇಲೆ ಇದನ್ನು ರಂಗಕ್ಕೂ ತಂದರು. ಅದನ್ನು ಜೊತೆಗೂಡಿ ಬರೆದವರು ಜಾನ್ ಕ್ಲೋಡ್ ಕ್ಯಾರಿಯೇರ್, ಪೀಟರ್ ಬ್ರೂಕ್ ಅವರ ಮಹಾಭಾರತ ನಾಟಕ ಬರೆದವರು ಅಂದರೆ ನಮ್ಮ ರಂಗಭೂಮಿಯವರಿಗೆ ಗೊತ್ತಾಗುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಮತ್ತೆ ಕಾಲೇಜಿಗೆ ಹೋದರು. ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ಪ್ರಾಣಿಗಳ ನಡವಳಿಕೆ ಮತ್ತು ಸಂರಕ್ಷಣೆ ಓದಿ ಅರವತ್ತು ದಾಟಿದ ಮೇಲೆ ಸ್ನಾತಕೋತ್ತರ ಪದವಿ ತೆಗೆದುಕೊಂಡರು. ಲಾಂಗ್ ಐಲ್ಯಾಂಡ್‌ನ ಬೆಲ್‌ಪೋರ್ಟ್ ಹತ್ತಿರ ‘ಮಾಮಾ ಫಾರ್ಮ್’ ಅಂತ ತೋಟ ಮಾಡಿಕೊಂಡಿದ್ದಾರೆ, ಮಗಳು ಎಲೆಟ್ರಾ ಕೂಡ ಕೈಜೋಡಿಸಿದ್ದಾರೆ. ಅಲ್ಲಿ ಕುರಿ, ಜೇನು, ಹಳೇ ತಳಿಯ ಕೋಳಿಗಳು. ಮಾರುಕಟ್ಟೆಗೆ ಬೇಡವಾಗಿ ಕಣ್ಮರೆಯಾಗುತ್ತಿರುವ ತಳಿಗಳನ್ನೇ ಹುಡುಕಿ ಸಾಕುತ್ತಾರೆ. ಶ್ರೀಮಂತರ ಖಯಾಲಿ ಅಂತ ನೀವು ಅನ್ನಬಹುದು. ದುಡ್ಡಿಲ್ಲದೆ ಇದೆಲ್ಲ ಆಗಲ್ಲ, ಒಪ್ಪುತ್ತೇನೆ. ಆದರೆ ಖಯಾಲಿಗೆ ಯಾರೂ ಪರೀಕ್ಷೆ ಬರೆಯುವುದಿಲ್ಲ.

ತಮಾಷೆ ಅಂದರೆ 2016ರಲ್ಲಿ ಲಾಂಕೋಮ್‌ನವರೇ ಮತ್ತೆ ಕರೆದರು. ಅಷ್ಟೊತ್ತಿಗೆ ಅಲ್ಲಿ ಒಬ್ಬ ಹೆಂಗಸು ಮುಖ್ಯಸ್ಥೆಯಾಗಿದ್ದರು. ಇಸಾಬೆಲ್ಲಾಗೆ 63, ಹೋದರು. ಹೋಗಬಾರದಿತ್ತು ಅಂತ ಕೆಲವರು. ಯಾಕೆ ಹೋಗಬಾರದು? ಕೋಳಿ ಕಾಳಿಗೂ ದುಡ್ಡು ಬೇಕು.

ಇನ್ನು 2024ರ ‘ಕಾನ್‌ಕ್ಲೇವ್’. ಪೋಪ್ ಆಯ್ಕೆಯ ಕಥೆ. ಇಸಾಬೆಲ್ಲಾ ಮತ್ತೆ ಸನ್ಯಾಸಿನಿ, ಸಿಸ್ಟರ್ ಆಗ್ನೆಸ್. ತೆರೆಯ ಮೇಲೆ ಎಂಟು ನಿಮಿಷಕ್ಕೂ ಕಡಿಮೆ, ಮಾತು ಇನ್ನೂ ಕಡಿಮೆ. ಕೆಂಪು ಟೋಪಿಯ ಕಾರ್ಡಿನಲ್‌ಗಳ ಮುಂದೆ ನಾಲ್ಕು ಮಾತಾಡಿ, ಒಂಚೂರು ಮಂಡಿ ಬಾಗಿಸಿ ನಮಿಸಿ ಹೊರಟುಬಿಡುತ್ತಾರೆ. ನಮಿಸಿದ್ದೋ ಅಣಕಿಸಿದ್ದೋ ಗೊತ್ತಾಗಲ್ಲ. ಅದಕ್ಕೇ 72ನೇ ವಯಸ್ಸಿನಲ್ಲಿ ಮೊದಲ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ಬರಲಿಲ್ಲ. ಸಮಾರಂಭಕ್ಕೆ ನೀಲಿ ವೆಲ್ವೆಟ್ ಉಡುಪು ತೊಟ್ಟು ಬಂದಿದ್ದರು. ಲಿಂಚ್ ತೀರಿಕೊಂಡು ಒಂದೂವರೆ ತಿಂಗಳಾಗಿತ್ತಷ್ಟೇ. ಕಿವಿಯಲ್ಲಿ ಅಮ್ಮನ ಓಲೆ.

ಅಮ್ಮನ ಮೂರನೇ ಆಸ್ಕರ್ ಕೂಡ ಇಂಥದ್ದೇ. ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನಲ್ಲಿ ರಾಜಕುಮಾರಿಯ ಪಾತ್ರ ಕೊಡಲು ಬಂದರೆ, ಬೇಡ, ಆ ಪೆದ್ದು ಮಿಷನರಿ ಹೆಂಗಸಿನ ಪಾತ್ರ ಕೊಡಿ ಅಂತ ಕೇಳಿ ಪಡೆದರು. ಒಂದೇ ಉದ್ದನೆಯ ಶಾಟ್‌ನಲ್ಲಿ ಗೆದ್ದರು. ಸಣ್ಣ ಪಾತ್ರ ಅಂತ ಬೇಸರಪಡದೆ ಅದರೊಳಗೆ ಇಳಿಯುವ ಈ ಗುಣ ಮುಖದ ಹೋಲಿಕೆಗಿಂತ ದೊಡ್ಡ ಹೋಲಿಕೆ ಅಂತ ನನಗನಿಸುತ್ತದೆ.

ಯಾವುದರಿಂದ ಶುರುಮಾಡಲಿ ಅಂತ ಕೇಳುವವರಿಗೆ: 2005ರಲ್ಲಿ ಅಪ್ಪನ ಬಗ್ಗೆ ಅವರೇ ಬರೆದ, ಗೈ ಮ್ಯಾಡಿನ್ ನಿರ್ದೇಶಿಸಿದ ಒಂದು ಕಿರುಚಿತ್ರವಿದೆ, ‘ಮೈ ಡ್ಯಾಡ್ ಈಸ್ 100 ಇಯರ್ಸ್ ಓಲ್ಡ್’. ಅದರಲ್ಲಿ ಅಪ್ಪ ಅಂದರೆ ಬರೀ ಒಂದು ದೊಡ್ಡ ಹೊಟ್ಟೆ! ಹಿಚ್‌ಕಾಕ್, ಫೆಲಿನಿ, ಚಾಪ್ಲಿನ್ ಎಲ್ಲರೂ ಇಸಾಬೆಲ್ಲಾನೇ. ಅಮ್ಮ ಇಂಗ್ರಿಡ್ ಕೂಡ ಅವರೇ. ಅದನ್ನು ನೋಡಿ, ಆಮೇಲೆ ಆ ಎರೆಹುಳು ನೋಡಿ. ‘ಬ್ಲೂ ವೆಲ್ವೆಟ್’ ಕೊನೆಗೆ ಇಟ್ಟುಕೊಳ್ಳಿ, ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ.

ಪ್ರಶ್ನೆಗಳಿದ್ದರೆ ಕೇಳಿ.